ಅಂಗೈಯ ಯಂತ್ರದ ಎರಡು ದಾರಿಗಳು: ವೇಗ ಮತ್ತು ವಿದ್ಯುತ್ತಿನ ಒಂದು ಚರಿತ್ರೆ

(ಬೆಸ್ಟ್ ಊರಿನ ಕನ್ನಡ ಕೂಟದಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ವೈದ್ಯರನ್ನು ಉಪನ್ಯಾಸಕ್ಕೆ ಕರೆದರೆ ಸಕ್ಕರೆ ಕಾಯಿಲೆಯ ಮೇಲೋ ರಕ್ತದೊತ್ತಡದ ಮೇಲೋ ನಾಲ್ಕು ಮಾತು ಹೇಳಿ ಮುಗಿಸುತ್ತಾರೆಂಬುದು ವಾಡಿಕೆ. ಇಂದು ಆ ವಾಡಿಕೆಯನ್ನು ಮುರಿಯುವುದಕ್ಕೆ ತಮ್ಮೆಲ್ಲರ ಅಪ್ಪಣೆ ಬೇಡುತ್ತೇವೆ. ನಾವು ಆರಿಸಿಕೊಂಡಿರುವ ವಿಷಯ ತಮ್ಮೆಲ್ಲರ ಜೇಬಿನಲ್ಲಿರುವ ಸಂಚಾರಿ ದೂರವಾಣಿ. ಅದರಲ್ಲಿ ಓಡುವ ಆ್ಯಪ್‌ಗಳು. ಆ ಆ್ಯಪ್‌ಗಳು ತಿನ್ನುವ ವಿದ್ಯುತ್ತು. ಈ ಸಭೆಯಲ್ಲಿ ಕುಳಿತಿರುವ ಅನೇಕರು ತಂತ್ರಾಂಶ ರಚನೆಯಲ್ಲೇ ಕೂದಲು ನರೆಸಿಕೊಂಡವರು. ಅವರ ಮುಂದೆ ಇದನ್ನು ಎತ್ತಿಕೊಳ್ಳುವುದು ಗಾಣಿಗರ ಕೇರಿಯಲ್ಲಿ ಎಣ್ಣೆ ಮಾರಿದಂತೆ. ಆದರೂ ಎತ್ತಿಕೊಳ್ಳುವುದಕ್ಕೆ ಒಂದು ಕಾರಣವಿದೆ.

ತಿಪಟೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಮ್ಮ ತಾಯಿಯವರು ಒಬ್ಬರೇ ವಾಸವಾಗಿದ್ದಾರೆ. ಅವರಿಗೆ ಮಧುಮೇಹ. ಹತ್ತಿರದ ಪಟ್ಟಣದ ಆಸ್ಪತ್ರೆಯೊಂದು ದಿನದಿನದ ಸಕ್ಕರೆಯ ಅಂಕಿಯನ್ನು ಬರೆದಿಡಲು ಒಂದು ಆ್ಯಪ್ ಕೊಟ್ಟಿತ್ತು. ಕೆಲವು ವರ್ಷಗಳ ಹಿಂದೆ ಅದನ್ನು ಹೊಸದಾಗಿ ಬರೆಸಿದರು. ಹೊಸ ಆ್ಯಪ್ ನೋಡಲು ಚೆಂದ. ಒಳಗೆ ಮಾತ್ರ ಅದು ಆ್ಯಪಿನ ವೇಷ ತೊಟ್ಟ ಒಂದು ಜಾಲಪುಟ. ಆ ದಿನಗಳಿಂದ ತಾಯಿಯವರ ಐದು ವರ್ಷದ ಹಳೆಯ ಫೋನು ಸಂಜೆಯ ಹೊತ್ತಿಗೆ ಕಣ್ಣು ಮುಚ್ಚತೊಡಗಿತು. ಒಂದು ರಾತ್ರಿ ಅವರ ಸಕ್ಕರೆ ಇಳಿಯಿತು, ಮೈ ಬೆವರಿತು, ಫೋನು ಸತ್ತಿತ್ತು. ಪಕ್ಕದ ಮನೆಯ ಹುಡುಗ ಬಂದು ಬೆಲ್ಲ ನೀರು ಕುಡಿಸಿ, ತನ್ನ ಫೋನಿನಿಂದ ನಮಗೆ ಕರೆ ಮಾಡಿದ. ಏಳು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ಕುಳಿತು ಆ ಕರೆಯನ್ನು ಕೇಳಿದ ರಾತ್ರಿ ಈ ವಿಷಯ ನಮಗೆ ಬೇರೆಯವರ ವಿಷಯವಾಗಿ ಉಳಿಯಲಿಲ್ಲ.

ಎರಡು ಬಗೆಯ ಪಾದರಕ್ಷೆ

ವಿಷಯವನ್ನು ತಿಳಿಯಾಗಿ ಹೇಳಲು ಈ ಊರೇ ನಮಗೆ ನೆರವಾಗುತ್ತದೆ. ಪಾಪ್ಲಾರ್ ಮರಗಳು ದಟ್ಟವಾಗಿದ್ದ ಬೆಸ್ಟ್ ಪರಿಸರ ಒಂದು ಕಾಲದಲ್ಲಿ ಮರದ ಪಾದುಕೆಗಳಿಗೆ, ಅಂದರೆ ಇಲ್ಲಿಯವರು ಕ್ಲೊಂಪ್ ಎನ್ನುವ ಜೋಡುಗಳಿಗೆ, ಹೆಸರಾಗಿತ್ತು. ಕುಶಲಕರ್ಮಿ ಒಂದು ಪಾದದ ಅಳತೆಗೆ ಒಂದು ಮರದ ತುಂಡನ್ನು ಕೊರೆದು ಕೊಡುತ್ತಿದ್ದ. 1930ರ ದಶಕದಲ್ಲಿ ಇದೇ ಊರಿಗೆ ಬಾಟಾ ಕಂಪನಿಯ ಕಾರ್ಖಾನೆ ಬಂದಿತು. ಕಾರ್ಮಿಕರಿಗಾಗಿ ಕಟ್ಟಿದ ಬಾಟಾಡಾರ್ಪ್ ಇಂದಿಗೂ ಇಲ್ಲಿದೆ. ಕಲ್ಕತ್ತೆಯ ಬಳಿಯ ಬಾಟಾನಗರವೂ ಅದೇ ದಶಕದ್ದು. ಕೆಲವೇ ಅಚ್ಚುಗಳಲ್ಲಿ ತಯಾರಾದ ಜೋಡು ದೇಶದೇಶಗಳ ಕಾಲಿಗೆ ಹೋಯಿತು. ಒಂದು ಕಾಲಿಗೆ ಹೇಳಿ ಮಾಡಿಸಿದ್ದು. ಇನ್ನೊಂದು ಎಲ್ಲರ ಕಾಲಿಗೂ ಅಷ್ಟಿಷ್ಟು ಒಗ್ಗುವಂಥದು.

ಫೋನಿನ ಆ್ಯಪ್‌ಗಳಲ್ಲೂ ಇವೇ ಎರಡು ಬಗೆ. ಒಂದು ಜಾತಿಯ ಫೋನಿಗೆಂದೇ, ಅದರ ಕಾರ್ಯವ್ಯವಸ್ಥೆಯ ಭಾಷೆಯಲ್ಲೇ ಬರೆದದ್ದು ನೇಟಿವ್ ಆ್ಯಪ್. ಜಾಲಪುಟಗಳ ಭಾಷೆಯಲ್ಲಿ ಬರೆದು, ಬ್ರೌಸರ್ ಎಂಬ ದುಭಾಷಿಯ ಮೂಲಕ ಯಾವ ಫೋನಿನಲ್ಲಾದರೂ ಓಡುವಂಥದು ವೆಬ್ ಆ್ಯಪ್. ಮೊದಲನೆಯದನ್ನು ಆಂಡ್ರಾಯ್ಡಿಗೆ ಒಮ್ಮೆ, ಐಫೋನಿಗೆ ಇನ್ನೊಮ್ಮೆ ಬರೆಯಬೇಕು. ಎರಡನೆಯದನ್ನು ಒಮ್ಮೆ ಬರೆದರೆ ಸಾಕು. ಆದರೆ ದುಭಾಷಿಗೂ ಊಟ ಹಾಕಬೇಕಷ್ಟೆ! ಪುಟದ ಬರಹವನ್ನು ಓದುವುದು, ಯಾವ ಅಕ್ಷರ ಎಲ್ಲಿ ಕೂರಬೇಕೆಂದು ಲೆಕ್ಕ ಹಾಕುವುದು, ಜಾವಾಸ್ಕ್ರಿಪ್ಟ್ ಆಜ್ಞೆಗಳನ್ನು ಆ ಕ್ಷಣದಲ್ಲೇ ಯಂತ್ರಭಾಷೆಗೆ ತಿರುಗಿಸುವುದು, ಬಳಸಿ ಬಿಟ್ಟ ಸ್ಮೃತಿಯನ್ನು ಗುಡಿಸುವುದು, ಇವೆಲ್ಲ ಆ ದುಭಾಷಿಯ ಕೆಲಸ. ನೇಟಿವ್ ಆ್ಯಪಿನಲ್ಲಿ ಇದರ ಬಹುಭಾಗ ಮೊದಲೇ ಮುಗಿದಿರುತ್ತದೆ. 2014ರಲ್ಲಿ ಬಂದ ಆಂಡ್ರಾಯ್ಡ್ 5ರಲ್ಲಿ ಆ್ಯಪನ್ನು ಫೋನಿಗೆ ಇಳಿಸಿಕೊಳ್ಳುವಾಗಲೇ ಯಂತ್ರಭಾಷೆಗೆ ತಿರುಗಿಸಿಡುವ ಕ್ರಮ ಬಂದದ್ದು ಇದೇ ಉದ್ದೇಶದಿಂದ.

ಸಿಂಪ್ಯೂಟರ್ ಎಂಬ ಮರೆತ ಅಧ್ಯಾಯ

ಈ ಎರಡು ದಾರಿಗಳ ಕಥೆಯನ್ನು ಕ್ಯಾಲಿಫೋರ್ನಿಯಾದಿಂದ ಆರಂಭಿಸುವುದು ರೂಢಿ. ಕನ್ನಡಿಗರಾದ ನಾವು ಬೆಂಗಳೂರಿನಿಂದ ಆರಂಭಿಸಬಹುದು. ಐಫೋನು ಹುಟ್ಟುವುದಕ್ಕೆ ಆರು ವರ್ಷ ಮೊದಲೇ, 2001ರ ಏಪ್ರಿಲ್ 25ರಂದು, ಸಿಂಪ್ಯೂಟರ್ ಎಂಬ ಅಂಗೈಯ ಗಣಕದ ಮಾದರಿ ಬೆಂಗಳೂರಿನಲ್ಲಿ ಅನಾವರಣಗೊಂಡಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್ ಅವರೂ ಎನ್ಕೋರ್ ಸಂಸ್ಥೆಯ ವಿನಯ್ ದೇಶಪಾಂಡೆ ಮೊದಲಾದವರೂ ಸೇರಿ 1999ರಲ್ಲಿ ಸ್ಥಾಪಿಸಿದ ಸಿಂಪ್ಯೂಟರ್ ಟ್ರಸ್ಟ್ ಇದರ ಹಿಂದಿತ್ತು. 206 ಮೆಗಾಹರ್ಟ್ಸ್ ವೇಗದ ಸ್ಟ್ರಾಂಗ್‌ಆರ್ಮ್ ಸಂಸ್ಕಾರಕ, ಲಿನಕ್ಸ್ ವ್ಯವಸ್ಥೆ, ಹಲವರು ಒಂದೇ ಯಂತ್ರವನ್ನು ಹಂಚಿಕೊಳ್ಳಲು ಸ್ಮಾರ್ಟ್ ಕಾರ್ಡು, ಅಂಗಡಿಯಲ್ಲಿ ಸಿಗುವ ಸಣ್ಣ ಶೆಲ್ಲುಗಳು: ಹಳ್ಳಿಯ ಬಳಕೆಯನ್ನು ಕಣ್ಣ ಮುಂದಿಟ್ಟುಕೊಂಡ ಯಂತ್ರ ಅದು.

ಅದರ ವಿಶೇಷ ಇನ್ನೊಂದಿತ್ತು. ಅದರ ವಿಷಯಗಳನ್ನು ಬರೆಯಲು ಜಾಲಪುಟಗಳ ಭಾಷೆಯನ್ನು ಹೋಲುವ ಐಎಂಎಲ್ ಎಂಬ ಗುರುತುಭಾಷೆಯನ್ನು ಅವರು ರೂಪಿಸಿದರು. ಹಳ್ಳಿಯ ಶಿಕ್ಷಕರೋ ಸ್ವಯಂಸೇವಾ ಸಂಸ್ಥೆಯವರೋ ಯಂತ್ರದ ಒಳಗುಟ್ಟು ತಿಳಿಯದೆಯೇ ಅದರಲ್ಲಿ ಪುಟ ಬರೆಯಬೇಕು, ಅದನ್ನು ಯಂತ್ರ ಓದಿ ಹೇಳಬೇಕು ಎಂಬುದು ಆಶಯ. ಓದಲಾರದವರಿಗಾಗಿ ಕನ್ನಡ ಮತ್ತು ಹಿಂದಿಯನ್ನು ಉಚ್ಚರಿಸುವ ತಂತ್ರಾಂಶವೂ ಸಿದ್ಧವಾಯಿತು. ಅಂದರೆ ವೆಬ್ ದಾರಿಯ ಮೂಲ ವಾದ, ಬರೆಯುವವರಿಗೆ ಸುಲಭವಾಗಿರಲಿ, ಎಲ್ಲ ಕಡೆಯೂ ಓಡಲಿ ಎಂಬುದು, ಅಂಗೈಯ ಯಂತ್ರದ ಮಟ್ಟಿಗೆ ಬೆಂಗಳೂರಿನಲ್ಲಿ ಅಷ್ಟು ಮೊದಲೇ ಆಚರಣೆಗೆ ಬಂದಿತ್ತು. ಕರ್ನಾಟಕ ಸರ್ಕಾರವು ಭೂದಾಖಲೆಗಳ ಕೆಲಸದಲ್ಲಿ ಈ ಯಂತ್ರವನ್ನು ಪ್ರಯೋಗಿಸಿತು. 2004ರಲ್ಲಿ ಅಮಿಡಾ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೂ ಬಂದಿತು. ಆದರೆ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಅಷ್ಟರಲ್ಲಿ ಅಗ್ಗದ ಸಂಚಾರಿ ದೂರವಾಣಿಗಳು ಹಳ್ಳಿಯನ್ನು ಮುಟ್ಟಿದ್ದವು. ಯಂತ್ರ ಸೋತಿತು, ವಿಚಾರ ಸೋಲಲಿಲ್ಲ.

ಕನ್ನಡ ಅಕ್ಷರವೂ ಒಂದು ಭಾರ

ಮುಂದಿನ ಘಟ್ಟವನ್ನು ಇಲ್ಲಿರುವ ಹಲವರು ಸ್ವತಃ ಅನುಭವಿಸಿದ್ದೀರಿ. 2010ರ ಸುಮಾರಿಗೆ ಹೆಚ್ಚಿನ ಫೋನುಗಳಲ್ಲಿ ಕನ್ನಡ ಪುಟ ತೆರೆದರೆ ಸಾಲುಸಾಲು ಚೌಕಗಳಷ್ಟೇ ಕಾಣುತ್ತಿದ್ದವು. ಒತ್ತಕ್ಷರ, ಗುಣಿತಗಳನ್ನು ಜೋಡಿಸುವ ವಿದ್ಯೆ ಆ ಫೋನುಗಳಿಗೆ ಇರಲಿಲ್ಲ. ಆಗ ಕೈಹಿಡಿದದ್ದು ನಾರ್ವೆ ದೇಶದ ಒಪೆರಾ ಮಿನಿ ಎಂಬ ಬ್ರೌಸರು. ಅದು ಪುಟವನ್ನು ದೂರದ ಸರ್ವರಿನಲ್ಲಿ ಬಿಡಿಸಿ, ಹಿಂಡಿ, ಕಿರಿದಾಗಿಸಿ ಫೋನಿಗೆ ಕಳುಹಿಸುತ್ತಿತ್ತು. ಅದರ ಮರೆಯಲ್ಲಿದ್ದ ಒಂದು ಆಯ್ಕೆಯನ್ನು ಒತ್ತಿದರೆ ಕನ್ನಡದ ಅಕ್ಷರಗಳು ಚಿತ್ರರೂಪದಲ್ಲಿ ಬರುತ್ತಿದ್ದವು. ಆ ಗುಟ್ಟನ್ನು ಒಬ್ಬರಿಂದೊಬ್ಬರು ಕೇಳಿ ತಿಳಿದುಕೊಂಡು ಊರಿನ ಪತ್ರಿಕೆಯನ್ನು ಓದಿದ ಸಂತೋಷವನ್ನು ಮರೆಯಲಾದೀತೇ?

ಇಲ್ಲಿ ನಾವು ಗಮನಿಸಬೇಕಾದದ್ದು, ಕೆಲಸ ಮಾಯವಾಗಲಿಲ್ಲ ಎಂಬುದನ್ನು. ಫೋನಿನ ಮೇಲಿದ್ದ ದುಡಿಮೆ ಸರ್ವರಿನ ಮೇಲೆ ಹೋಯಿತು, ಅಷ್ಟೆ. ಕೆಲಸದ ಭಾರವನ್ನು ಯಾರ ಹೆಗಲಿಗೆ ಹೊರಿಸುತ್ತೀರಿ ಎಂಬುದೇ ಈ ಚರಿತ್ರೆಯ ಉದ್ದಕ್ಕೂ ಕಾಣುವ ಪ್ರಶ್ನೆ.

ಎರಡು ದಾರಿಗಳ ಜಗಳ

2007ರ ಜೂನ್‌ನಲ್ಲಿ ಆ್ಯಪಲ್‌ನ ಸ್ಟೀವ್ ಜಾಬ್ಸ್ ಐಫೋನಿಗೆ ಹೊರಗಿನವರು ಜಾಲದ ಆ್ಯಪ್‌ಗಳನ್ನು ಬರೆಯಬಹುದೆಂದು ಸಾರಿದರು. ತಂತ್ರಜ್ಞರಿಗೆ ಅದು ರುಚಿಸಲಿಲ್ಲ. ಆ ವರ್ಷದ ಅಕ್ಟೋಬರಿನಲ್ಲೇ ಕಂಪನಿ ಮನಸ್ಸು ಬದಲಿಸಿತು. 2008ರ ಜುಲೈ 10ರಂದು ಸುಮಾರು 500 ನೇಟಿವ್ ಆ್ಯಪ್‌ಗಳೊಡನೆ ಆ್ಯಪ್ ಸ್ಟೋರ್ ತೆರೆಯಿತು. ಫೇಸ್‌ಬುಕ್ ಸಂಸ್ಥೆಯೂ ಕೆಲಕಾಲ ವೆಬ್ ದಾರಿ ಹಿಡಿದು, ಆ್ಯಪು ತೆವಳುತ್ತದೆಂಬ ದೂರುಗಳನ್ನು ಕೇಳಿ, 2012ರ ಆಗಸ್ಟ್‌ನಲ್ಲಿ ಐಫೋನಿನ ಆ್ಯಪನ್ನು ನೇಟಿವ್ ಆಗಿ ಮತ್ತೆ ಬರೆಯಿತು. ಮರುತಿಂಗಳು ಅದರ ಮುಖ್ಯಸ್ಥ ಝುಕರ್‌ಬರ್ಗ್, ವೆಬ್ ತಂತ್ರವನ್ನು ಅತಿಯಾಗಿ ನೆಚ್ಚಿಕೊಂಡದ್ದು ತಮ್ಮ ಸಂಸ್ಥೆಯ ದೊಡ್ಡ ತಪ್ಪೆಂದು ಬಹಿರಂಗವಾಗಿ ಒಪ್ಪಿಕೊಂಡರು.

ಆಗ ತಕ್ಕಡಿ ಪೂರ್ತಿ ಒಂದು ಕಡೆಗೆ ವಾಲಿತೆಂದೇ ತೋರಿತು. ಅದನ್ನು ಮರಳಿ ತೂಗಿದ್ದು ಮತ್ತೆ ಬೆಂಗಳೂರು. 2015ರ ಮೇ 15ರಂದು, ಬೆಂಗಳೂರಿನ ಉಡುಪು ಮಾರಾಟ ಸಂಸ್ಥೆ ಮಿಂತ್ರಾ ತನ್ನ ಜಾಲತಾಣವನ್ನೇ ಮುಚ್ಚಿ, ಇನ್ನು ಮುಂದೆ ಆ್ಯಪಿನಲ್ಲಷ್ಟೇ ವ್ಯಾಪಾರ ಎಂದಿತು. ಅದರ ಮಾತೃಸಂಸ್ಥೆ ಫ್ಲಿಪ್‌ಕಾರ್ಟ್ ಕೂಡ ಫೋನಿನ ಬ್ರೌಸರಿನಲ್ಲಿ ಬರುವವರನ್ನು ಆ್ಯಪಿನತ್ತ ತಳ್ಳತೊಡಗಿತ್ತು. ಆದರೆ ನಮ್ಮ ನಾಡಿನ ಫೋನುಗಳಲ್ಲಿ ಜಾಗ ಕಡಿಮೆ. ಹಬ್ಬದ ಫೋಟೋ ಇಡಲು ಜಾಗ ಬೇಕೆಂದರೆ ಮೊದಲು ಅಳಿಸುವುದು ಆ್ಯಪನ್ನೇ. 2015ರ ನವೆಂಬರಿನಲ್ಲಿ ಫ್ಲಿಪ್‌ಕಾರ್ಟ್, ಗೂಗಲ್ ಸಂಸ್ಥೆಯ ತಂತ್ರಜ್ಞರ ಸಹಕಾರದಿಂದ, ಫ್ಲಿಪ್‌ಕಾರ್ಟ್ ಲೈಟ್ ಎಂಬ ವೆಬ್ ಆ್ಯಪನ್ನು ಹೊರತಂದಿತು. ಆ ವರ್ಷವೇ ಪ್ರೊಗ್ರೆಸಿವ್ ವೆಬ್ ಆ್ಯಪ್ ಎಂದು ಹೆಸರು ಪಡೆದ ಹೊಸ ಬಗೆಯ ಮೊದಲ ದೊಡ್ಡ ಪ್ರಯೋಗಗಳಲ್ಲಿ ಅದು ಒಂದು. ಬೇಕಾದ ಪುಟಗಳನ್ನು ಫೋನಿನಲ್ಲೇ ಕೂಡಿಟ್ಟು, ಜಾಲ ಸಿಗದ ಕಡೆಯೂ ತೆರೆದುಕೊಳ್ಳುವುದು ಇದರ ಚಾತುರ್ಯ. ಅದರ ಬಳಕೆದಾರರಲ್ಲಿ ನೂರಕ್ಕೆ 63 ಮಂದಿ ನಿಧಾನಗತಿಯ 2ಜಿ ಜಾಲದವರು. ಆರಂಭದ ಬಳಕೆಯಲ್ಲಿ ನೇಟಿವ್ ಆ್ಯಪಿಗೆ ಬೇಕಾದ ದತ್ತಾಂಶದ ಮೂರರಲ್ಲಿ ಒಂದು ಪಾಲಷ್ಟೇ ಇದಕ್ಕೆ ಸಾಕಾಯಿತು ಎಂದು ಗೂಗಲ್ ಪ್ರಕಟಿಸಿದ ವರದಿ ಹೇಳಿತು. ಮಿಂತ್ರಾ ಕೂಡ 2016ರ ಫೆಬ್ರವರಿಯಲ್ಲಿ ಫೋನಿನ ಜಾಲತಾಣವನ್ನೂ, ಜೂನ್ 1ರಂದು ಗಣಕಗಳ ಜಾಲತಾಣವನ್ನೂ ಮತ್ತೆ ತೆರೆಯಿತು.

ಆ ವರದಿ ಪ್ರಯೋಗದಲ್ಲಿ ಪಾಲುಗೊಂಡವರದೇ ಎಂಬುದನ್ನು ಮರೆಯಬಾರದು. ಅದರ ಲೆಕ್ಕ ದತ್ತಾಂಶದ್ದು, ವಿದ್ಯುತ್ತಿನದಲ್ಲ ಎಂಬುದನ್ನೂ ನೆನಪಿಡಬೇಕು. ಇಳಿಸಿಕೊಳ್ಳುವ ಖರ್ಚು ಬೇರೆ, ಓಡಿಸುವ ಖರ್ಚು ಬೇರೆ.

ಜಗಳದ ಮೂರನೆಯ ಪಾತ್ರ 2017ರ ಜುಲೈನಲ್ಲಿ ಬಂದಿತು: ಜಿಯೋಫೋನ್. ಗುಂಡಿಗಳಿದ್ದ ಈ ಸಣ್ಣ ಫೋನಿನ ಕಾಯ್ಓಎಸ್ ವ್ಯವಸ್ಥೆ, ಮೊಜಿಲ್ಲಾ ಸಂಸ್ಥೆ 2011ರಲ್ಲಿ ಆರಂಭಿಸಿದ ಫೈರ್‌ಫಾಕ್ಸ್ ಓಎಸ್‌ನ ಕುಡಿ. ಅದರ ಆ್ಯಪ್‌ಗಳೆಲ್ಲ ವೆಬ್ ಭಾಷೆಯಲ್ಲಿ ಬರೆದವು. ಅದರಲ್ಲಿದ್ದ ಸ್ಮೃತಿ 512 ಮೆಗಾಬೈಟು, ಬ್ಯಾಟರಿ 2000 ಮಿಲಿಆಂಪಿಯರ್ ಗಂಟೆಯದು. ಓಟದಲ್ಲಿ ಅದು ಮಂದವೇ. ಆದರೂ ಒಮ್ಮೆ ತುಂಬಿದ ಬ್ಯಾಟರಿ ಬಹುಹೊತ್ತು ಬರುತ್ತಿತ್ತು. ಪರದೆ ಅಂಗೈಯ ಕಾಲುಭಾಗದಷ್ಟು, ಒಮ್ಮೆಗೆ ನಡೆಯುವ ಕೆಲಸ ಒಂದೋ ಎರಡೋ. ವೆಬ್ ದಾರಿ ಎಂದಾಕ್ಷಣ ಬ್ಯಾಟರಿ ಬರಿದಾಗಲೇಬೇಕೆಂಬ ನಿಯಮವಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಇಡೀ ದೇಹದ ಹಸಿವನ್ನು ನೋಡಬೇಕೇ ಹೊರತು ಒಂದು ಅಂಗದ್ದನ್ನಲ್ಲ.

ಅಳೆದು ನೋಡಿದವರು

ವೈದ್ಯಶಾಸ್ತ್ರದಲ್ಲಿ ಅಭಿಪ್ರಾಯಕ್ಕಿಂತ ಅಳತೆಗೆ ಬೆಲೆ ಹೆಚ್ಚು. ಈ ವಿಷಯದಲ್ಲಿ ಶ್ರದ್ಧೆಯಿಂದ ಅಳೆದವರು ಈ ದೇಶದಲ್ಲೇ ಇದ್ದಾರೆ. ಆಮ್‌ಸ್ಟರ್‌ಡ್ಯಾಮಿನ ವ್ರೈಯ ವಿಶ್ವವಿದ್ಯಾಲಯದ ಇವಾನೊ ಮಾಲಾವೋಲ್ಟಾ ಮತ್ತು ಸಂಗಡಿಗರು 2017ರಲ್ಲಿ ಏಳು ಪ್ರೊಗ್ರೆಸಿವ್ ವೆಬ್ ಆ್ಯಪ್‌ಗಳನ್ನು ಪರೀಕ್ಷಿಸಿದರು. ಪುಟಗಳನ್ನು ಕೂಡಿಡುವ ಸರ್ವಿಸ್ ವರ್ಕರ್ ಎಂಬ ಸಹಾಯಕ ತಂತ್ರಾಂಶದಿಂದ ಬ್ಯಾಟರಿಗೆ ಗಣನೀಯ ಲಾಭವಾಗಲಿ ನಷ್ಟವಾಗಲಿ ಆಗುವುದಿಲ್ಲವೆಂದು ಕಂಡರು. 2023ರಲ್ಲಿ ಅದೇ ಬಳಗದವರು ಹತ್ತು ಜನಪ್ರಿಯ ಸೇವೆಗಳ ಆಂಡ್ರಾಯ್ಡ್ ಆ್ಯಪ್‌ಗಳನ್ನು ಅವುಗಳದೇ ಜಾಲರೂಪಗಳೊಡನೆ ಹೋಲಿಸಿದರು. ತೀರ್ಪು ಸ್ಪಷ್ಟ: ನೇಟಿವ್ ಆ್ಯಪ್‌ಗಳು ಕಡಿಮೆ ವಿದ್ಯುತ್ತು ಬಳಸಿದವು, ಅಂತರವೂ ದೊಡ್ಡದೇ. ಸಂಸ್ಕಾರಕದ ದುಡಿಮೆ, ಸ್ಮೃತಿಯ ಬಳಕೆ ಎರಡರಲ್ಲೂ ಜಾಲರೂಪಗಳೇ ದುಬಾರಿ. ಜಾಲದ ದತ್ತಾಂಶದಲ್ಲಿ ವ್ಯತ್ಯಾಸವಿದ್ದರೂ ಅದು ಸಣ್ಣದು.

ಪೋರ್ಚುಗಲ್ಲಿನ ಸಂಶೋಧಕರು 2017ರಲ್ಲಿ 27 ಗಣಕಭಾಷೆಗಳ ಹಸಿವನ್ನು ತೂಗಿದ್ದರು. ಒಂದೇ ಬಗೆಯ ಲೆಕ್ಕಗಳನ್ನು ಮಾಡಲು ಸಿ ಭಾಷೆಗೆ 1 ಪಾಲು ಶಕ್ತಿ ಬೇಕಾದರೆ ಜಾವಾಗೆ 1.98, ಜಾವಾಸ್ಕ್ರಿಪ್ಟಿಗೆ 4.45, ಆಮ್‌ಸ್ಟರ್‌ಡ್ಯಾಮಿನಲ್ಲೇ ಹುಟ್ಟಿದ ಪೈಥಾನಿಗೆ 75.88! ಇದು ಫೋನಿನಲ್ಲಿ ಮಾಡಿದ ಅಳತೆಯಲ್ಲ, ಗಣಕದಲ್ಲಿ ಮಾಡಿದ್ದು. ಫೋನಿಗೆ ಹಾಗೆಯೇ ಅನ್ವಯಿಸಲಾಗದು. ಆದರೂ ದುಭಾಷಿಯ ಊಟದ ಅಂದಾಜು ಸಿಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಫೋನಿನ ವಿದ್ಯುತ್ತು ಸಂಸ್ಕಾರಕವೊಂದಕ್ಕೇ ಹೋಗುವುದಿಲ್ಲ. ಬೆಳಗುವ ಪರದೆಗೆ ಒಂದು ದೊಡ್ಡ ಪಾಲು, ಗೋಪುರದೊಡನೆ ಮಾತನಾಡುವ ರೇಡಿಯೋಗೆ ಇನ್ನೊಂದು. ಸಂಕೇತ ಕ್ಷೀಣವಾದಷ್ಟೂ ರೇಡಿಯೋ ಗಟ್ಟಿಯಾಗಿ ಕೂಗಬೇಕಾಗುತ್ತದೆ. ಮಾತು ಮುಗಿದ ಮೇಲೂ ಅದು ಕೆಲವು ಕ್ಷಣ ಎಚ್ಚರವಾಗಿಯೇ ಇರುತ್ತದೆ. ಆದ್ದರಿಂದ ಹತ್ತು ಸಲ ಚೂರುಚೂರು ತರಿಸಿಕೊಳ್ಳುವ ಆ್ಯಪು, ಒಂದೇ ಸಲ ಎಲ್ಲವನ್ನೂ ತರಿಸಿಕೊಳ್ಳುವ ಆ್ಯಪಿಗಿಂತ ದುಬಾರಿ. ಕೆಟ್ಟದಾಗಿ ಬರೆದ ನೇಟಿವ್ ಆ್ಯಪು ಚೆನ್ನಾಗಿ ಬರೆದ ವೆಬ್ ಆ್ಯಪಿಗಿಂತ ಹೆಚ್ಚು ತಿನ್ನುವುದು ಅಸಾಧ್ಯವೇನಲ್ಲ.

ಮಹಾಮಾರಿಯ ವರ್ಷ

2020ರಲ್ಲಿ ಈ ಪ್ರಶ್ನೆ ಜೀವನ್ಮರಣದ್ದಾಯಿತು. ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಬ್ಲೂಟೂತ್ ಮೂಲಕ ಗುರುತಿಸುವ ಆ್ಯಪ್‌ಗಳು ದೇಶದೇಶಗಳಲ್ಲಿ ಹುಟ್ಟಿದವು. 1994ರಲ್ಲಿ ಸ್ವೀಡನ್ನಿನ ಎರಿಕ್ಸನ್ ಸಂಸ್ಥೆಯಲ್ಲಿ ಈ ಬ್ಲೂಟೂತಿಗೆ ಬುನಾದಿ ಹಾಕಿದವರು ಡಚ್ ತಂತ್ರಜ್ಞ ಯಾಪ್ ಹಾರ್ಟ್‌ಸೆನ್. ಭಾರತದ ಆರೋಗ್ಯ ಸೇತು 2020ರ ಏಪ್ರಿಲ್ 2ರಂದು ಬಂದಿತು; ಇಲ್ಲಿಯ ಕೊರೋನಾಮೆಲ್ಡರ್ ಅಕ್ಟೋಬರ್ 10ರಂದು ದೇಶದಾದ್ಯಂತ ಆರಂಭವಾಯಿತು. ಜೇಬಿನಲ್ಲಿ ಮಲಗಿದ್ದಾಗಲೂ ಸುತ್ತಲಿನ ಫೋನುಗಳಿಗೆ ಸದ್ದಿಲ್ಲದೆ ಸಂಕೇತ ಕೊಡುವ ಇಂಥ ಕೆಲಸ ಬ್ರೌಸರಿನ ಪುಟದಿಂದ ಆಗದು. ಸಿಂಗಪುರದ ಮೊದಲ ಆ್ಯಪನ್ನು ಐಫೋನಿನಲ್ಲಿ ತೆರೆದೇ ಇಟ್ಟಿರಬೇಕಾಗಿತ್ತು, ಬ್ಯಾಟರಿ ಕರಗುತ್ತಿತ್ತು. ಕೊನೆಗೆ ಆ್ಯಪಲ್ ಮತ್ತು ಗೂಗಲ್ ಒಟ್ಟುಗೂಡಿ ಆ ಕೆಲಸವನ್ನು ಕಾರ್ಯವ್ಯವಸ್ಥೆಯ ಒಳಗೇ ಇಳಿಸಿದವು. ಕೊರೋನಾಮೆಲ್ಡರ್ ನಿಂತದ್ದು ಅದರ ಮೇಲೆಯೇ. ಬ್ಯಾಟರಿ ನುಂಗುವ ಆ್ಯಪನ್ನು ಜನ ಅಳಿಸಿಬಿಡುತ್ತಾರೆ. ಅಳಿಸಿದ ಆ್ಯಪು ಯಾರನ್ನೂ ಕಾಪಾಡುವುದಿಲ್ಲ.

ಯಾರ ಹೆಗಲಿನ ಭಾರ?

ಇಷ್ಟು ಗದ್ದಲ ಮಾಡುವಷ್ಟು ವಿದ್ಯುತ್ತೇ ಇದು ಎಂದು ತಾವು ಕೇಳಬಹುದು. ಲೆಕ್ಕ ಹಾಕೋಣ. 4000 ಮಿಲಿಆಂಪಿಯರ್ ಗಂಟೆಯ ಬ್ಯಾಟರಿಯಲ್ಲಿ ಹಿಡಿಯುವುದು ಸುಮಾರು 15 ವಾಟ್ ಗಂಟೆ. ದಿನವೂ ಪೂರ್ತಿ ತುಂಬಿಸಿದರೂ ವರ್ಷಕ್ಕೆ ಆರೇಳು ಯೂನಿಟ್ಟು. 75 ವಾಟಿನ ಹಳೆಯ ಸೀಲಿಂಗ್ ಫ್ಯಾನು ನಾಲ್ಕು ದಿನ ಹಗಲಿರುಳು ತಿರುಗಿದರೆ ಅಷ್ಟಾಗುತ್ತದೆ. ವಿದ್ಯುತ್ ಬಿಲ್ಲಿನಲ್ಲಿ ಇದು ಕಾಣುವುದೂ ಇಲ್ಲ.

ನಿಜವಾದ ವೆಚ್ಚ ಬ್ಯಾಟರಿಯ ಆಯುಷ್ಯದಲ್ಲಿದೆ. ತುಂಬಿ ಬರಿದಾಗುವ ಪ್ರತಿ ಸುತ್ತಿಗೂ ಅದು ಒಂದಿಷ್ಟು ಮುಪ್ಪಾಗುತ್ತದೆ. 2025ರ ಜೂನ್ 20ರಿಂದ ಐರೋಪ್ಯ ಒಕ್ಕೂಟದಲ್ಲಿ ಮಾರುಕಟ್ಟೆಗೆ ಬರುವ ಸ್ಮಾರ್ಟ್‌ಫೋನುಗಳ ಬ್ಯಾಟರಿ 800 ಸುತ್ತುಗಳ ನಂತರವೂ ನೂರಕ್ಕೆ 80ರಷ್ಟು ಸಾಮರ್ಥ್ಯ ಉಳಿಸಿಕೊಂಡಿರಬೇಕೆಂಬ ನಿಯಮ ಬಂದಿದೆ. ದಿನಕ್ಕೊಂದು ಸುತ್ತಾದರೆ 800 ಸುತ್ತು ಎರಡು ವರ್ಷಕ್ಕೂ ಮಿಗಿಲು ಬರುತ್ತದೆ. ಆ್ಯಪ್‌ಗಳ ಹೊಟ್ಟೆಬಾಕತನದಿಂದ ದಿನಕ್ಕೆ ಒಂದೂವರೆ ಸುತ್ತಾದರೆ ಒಂದೂವರೆ ವರ್ಷಕ್ಕೇ ಮುಗಿಯುತ್ತದೆ. ಇಲ್ಲಿ ನಾವು ಹೊಸ ಫೋನು ಕೊಳ್ಳುತ್ತೇವೆ. ನಮ್ಮ ಹಳೆಯ ಫೋನು ಊರಿನಲ್ಲಿ ಅಪ್ಪನಿಗೋ ಅತ್ತೆಯವರಿಗೋ ಹೋಗುತ್ತದೆ. ಅಂದರೆ ಅತಿ ಮುಪ್ಪಾದ ಬ್ಯಾಟರಿ, ಅತಿ ದುರ್ಬಲ ಸಂಕೇತ, ಪದೇಪದೇ ಹೋಗುವ ಕರೆಂಟು, ಇವೆಲ್ಲ ಸೇರುವುದು ಅತಿ ವಯಸ್ಸಾದವರ ಕೈಯಲ್ಲಿ. ಒಮ್ಮೆ ಬರೆದು ಎಲ್ಲೆಡೆ ಓಡಿಸಿದರೆ ಉಳಿತಾಯವಾಗುವುದು ಬರೆಸಿದವರಿಗೆ. ಅದರ ಬೆಲೆ ತೆರುವವರು ಇವರು.

ಹಾಗೆಂದು ವೆಬ್ ದಾರಿಯನ್ನು ನಾವು ತೆಗಳುವುದಿಲ್ಲ. ವರ್ಷಕ್ಕೊಮ್ಮೆ ತೆರೆಯುವ ಸೇವೆಗೆ ಹತ್ತಾರು ಮೆಗಾಬೈಟಿನ ಆ್ಯಪು ಇಳಿಸುವುದು ದಂಡ, ಜಾಲಪುಟವೇ ಲೇಸು. ದಿನವೂ ಹಲವು ಸಲ ತೆರೆಯುವುದಕ್ಕೆ, ಹಿನ್ನೆಲೆಯಲ್ಲಿ ಎಚ್ಚರವಾಗಿರಬೇಕಾದುದಕ್ಕೆ, ಕಾಯಿಲೆಯವರ ಕೈಯಲ್ಲಿರುವುದಕ್ಕೆ ನೇಟಿವ್ ದಾರಿಯೇ ಸರಿ. ಔಷಧವೂ ಹಾಗೆಯೇ. ಒಂದು ದಿನದ ಜ್ವರಕ್ಕೆ ಕೊಡುವ ಗುಳಿಗೆಯ ಅಡ್ಡಪರಿಣಾಮವನ್ನು ಸಹಿಸಬಹುದು. ಜೀವನಪರ್ಯಂತ ನುಂಗಬೇಕಾದುದನ್ನು ತೂಕ ಮಾಡಿಯೇ ಕೊಡಬೇಕು.

ನಮ್ಮ ತಾಯಿಯವರ ಫೋನಿಗೆ ಮರಳೋಣ. ಒಂದೇ ಲಕ್ಷಣ ನೋಡಿ ರೋಗ ನಿರ್ಣಯಿಸಬಾರದೆಂಬುದು ನಮಗೆ ಗುರುಗಳು ಕಲಿಸಿದ ಪಾಠ. ತಮ್ಮನ ಮಗನಿಗೆ ಹೇಳಿ ಒಂದು ವಾರ ಆ ಆ್ಯಪನ್ನು ತೆಗೆಸಿದೆವು. ಫೋನು ಸಂಜೆಯ ಬದಲು ರಾತ್ರಿ ಊಟದ ಹೊತ್ತಿನವರೆಗೆ ಬಂದಿತು. ಆ ಬಳಿಕ ಬ್ಯಾಟರಿಯನ್ನೇ ಬದಲಾಯಿಸಿದೆವು. ಮರುದಿನ ಬೆಳಗಿನವರೆಗೆ ಬಂದಿತು. ಅಂದರೆ ಆ್ಯಪಿನ ತಪ್ಪು ಒಂದು ಪಾಲು, ಮುಪ್ಪಿನದು ದೊಡ್ಡ ಪಾಲು. ಐದು ವರ್ಷ ಹಳೆಯ ಬ್ಯಾಟರಿಯನ್ನು ಗಮನಿಸದೆ ಬಿಟ್ಟ ಮಗನ ಪಾಲೂ ಅದರಲ್ಲಿ ಸೇರಿದೆಯೆಂಬುದನ್ನು ಈ ಸಭೆಯ ಮುಂದೆ ಒಪ್ಪಿಕೊಳ್ಳುತ್ತೇವೆ. ಸಕ್ಕರೆಯ ಅಂಕಿಗಳನ್ನು ತಾಯಿಯವರು ಈಗ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ. ಅದಕ್ಕೆ ವಿದ್ಯುತ್ತು ಬೇಡ.

ಮುಂದಿನ ಸಲ ಊರಿಗೆ ಹೋದಾಗ ಹಿರಿಯರ ರಕ್ತದೊತ್ತಡ ನೋಡಿದಂತೆಯೇ ಅವರ ಫೋನಿನ ಬ್ಯಾಟರಿಯನ್ನೂ ನೋಡಿರಿ. ಯಾವ ಆ್ಯಪು ಎಷ್ಟು ತಿನ್ನುತ್ತಿದೆಯೆಂಬ ಪಟ್ಟಿ ಫೋನಿನಲ್ಲೇ ಇರುತ್ತದೆ. ಇನ್ನು ಈ ಸಭೆಯಲ್ಲಿರುವ ತಂತ್ರಾಂಶದ ಮಿತ್ರರಲ್ಲಿ ಒಂದು ವಿನಂತಿ: ತಾವು ಬರೆದುದನ್ನು ತಮ್ಮ ಮೇಜಿನ ಮೇಲಿರುವ ಹೊಸ ಫೋನಿನಲ್ಲಿ ಪರೀಕ್ಷಿಸಿದ ಮೇಲೆ, ಒಮ್ಮೆ ತಮ್ಮ ತಾಯಿಯವರ ಫೋನಿನಲ್ಲೂ ಓಡಿಸಿ ನೋಡಿರಿ.